ಗುಲಾಬಕ್ಕನ ಸಹಿ ಸುಧಾರಿಸಿತು

ಲೋಕದ ಕಟ್ಟಕಡೆಯ ಮನುಷ್ಯನಿಗೂ ವಿದ್ಯೆ ಸಿಗಬೇಕು, ಕಲಿಯುವುದಕ್ಕೆ ವಯಸ್ಸಿನ ಹಂಗಿಲ್ಲ ಎಂದು ಯಾರು ಭಾಷಣ ಮಾಡಿದರೂ ಮೊದಲು ಚಪ್ಪಾಳೆ ತಟ್ಟುವವನು ನಾನು. ಚಪ್ಪಾಳೆಗೆ ಖರ್ಚಿಲ್ಲ ನೋಡಿ. ಆದರೆ ಅದೇ ವಿದ್ಯೆ ಜಯಪುರದಲ್ಲಿ ನಾನು ಕೆಲಸ ಮಾಡುವ ಬ್ಯಾಂಕಿನ ಕೌಂಟರಿಗೇ ಬಂದು ನಿಂತ ದಿನ ನನಗೆ ಬೆವರು ಕಿತ್ತುಕೊಂಡು ಬಂತು. ಇದಕ್ಕೆಲ್ಲ ಕಾರಣ ನನ್ನ ಹೆಂಡತಿ. ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ದೊಡ್ಡವರಿಗೆ ಓದು ಬರಹ ಕಲಿಸುತ್ತಾಳೆ. ಅವರಿಗೆಲ್ಲ ಕಾಫಿ ಮಾಡಿಕೊಡುವುದು ಸಾಕ್ಷರತೆಗೆ ನನ್ನ ಕೊಡುಗೆ.

ಅವಳ ಶಿಷ್ಯೆಯರಲ್ಲಿ ಗುಲಾಬಕ್ಕ ಒಬ್ಬರು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರು. ಕ್ಲಾಸಿಗೆ ಸೇರಿದ ಹೊಸತರಲ್ಲೇ, ಇನ್ನು ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಬ್ಯಾಂಕಿಗೆ ಬಂದು, ನಾಲಿಗೆ ಕಚ್ಚಿಕೊಂಡು ಕಾರ್ಡಿನ ಮೇಲೆ ಮಾದರಿ ಸಹಿ ಹಾಕಿಕೊಟ್ಟಿದ್ದರು. 'ಗು' ಒಂದು ಕಡೆ, 'ಲಾ' ಇನ್ನೊಂದು ಕಡೆ. 'ಬಿ' ಗೆರೆಯಿಂದ ಕೆಳಕ್ಕೆ ಜಾರಿ ಬಿದ್ದಿತ್ತು. ಆಮೇಲೆ ಅವರು ದುಡ್ಡು ತೆಗೆಯಲು ಬಂದದ್ದು ಜೂನ್ ತಿಂಗಳಲ್ಲಿ. ಮಗಳನ್ನು ಬಾಳಗಡಿಯ ಕಾಲೇಜಿಗೆ ಸೇರಿಸಲು ಅಂದೇ ಕೊನೆಯ ದಿನ. ಚೀಟಿ ನೋಡುತ್ತೇನೆ, ಮುತ್ತು ಪೋಣಿಸಿದಂಥ ಸಹಿ! ಮಾದರಿಗೂ ಅದಕ್ಕೂ ಸ್ನಾನ ಸೂತಕದ ಸಂಬಂಧವೂ ಇಲ್ಲ. ಸಹಿ ತಾಳೆಯಾಗದೆ ದುಡ್ಡು ಕೊಟ್ಟರೆ ನನ್ನ ಕುತ್ತಿಗೆಗೆ ಬರುತ್ತದೆ.

"ಗುಲಾಬಕ್ಕ, ಸ್ವಲ್ಪ ಕೆಟ್ಟದಾಗಿ ಬರೀರಿ, ಮುಂಚಿನ ಹಾಗೆ," ಎಂದು ಪಿಸುಗುಟ್ಟಿದೆ.

ಪಾಪ, ಪ್ರಯತ್ನಪಟ್ಟರು. ಎಷ್ಟು ಸೊಟ್ಟ ಮಾಡಹೋದರೂ ಅಕ್ಷರ ದುಂಡಗೇ ಬಂತು.

"ಆಗದಿಲ್ಲ ಮಾರಾಯ್ರೆ, ಕೈ ಕೇಳದೇ ಇಲ್ಲ. ಮಗಳು ಬಸ್‌ಸ್ಟ್ಯಾಂಡಲ್ಲಿ ಕಾಯ್ತಿದಾಳೆ. ಹೆಬ್ಬೆಟ್ಟೇ ಒತ್ತಿಬಿಡ್ಲಾ?" ಎಂದರು. ಅವರ ಕಣ್ಣು ತುಂಬಿತ್ತು. ನನಗೆ ಹೆಂಡತಿಯ ಮೇಲೆ ಸಿಟ್ಟು ಬಂತು. ಇಷ್ಟು ಚೆನ್ನಾಗಿ ಕಲಿಸು ಎಂದು ಇವಳಿಗೆ ಹೇಳಿದವರು ಯಾರು?

ಕೊನೆಗೆ ಮ್ಯಾನೇಜರರ ಮುಂದೆ ಹೋಗಿ ನಿಂತೆ. ಅವರು ನಕ್ಕು, "ಹೆಬ್ಬೆಟ್ಟು ಎಂತಕ್ಕೆ? ಹೊಸ ಕಾರ್ಡಿಗೆ ಸಹಿ ತಗೊಳ್ಳಿ. ಇವರೇ ಅವರು ಅಂತ ಕೆಳಗೆ ನೀವೊಂದು ಸಹಿ ಹಾಕಿ, ಮುಗೀತು," ಎಂದರು.

ಗುಲಾಬಕ್ಕ ಬರೆದರು. ಅದರ ಕೆಳಗೆ ನಾನು, ಇಪ್ಪತ್ತು ವರ್ಷದ ಅನುಭವಸ್ಥ, ಗರಕ್ಕನೆ ಒಂದು ಗೀಟು ಎಳೆದೆ. ಅದೇ ನನ್ನ ಸಹಿ. ಅವರು ಕಾರ್ಡನ್ನು ಹಾಗೆ ಹೀಗೆ ತಿರುಗಿಸಿ ನೋಡಿ, ಮೆಲ್ಲಗೆ ನನ್ನ ಕಡೆ ಸರಿಸಿದರು.

"ಪೆನ್ನು ಬರೀತದೆ ಸಾರ್. ಇನ್ನು ಬೇಗ ಹೆಸರು ಬರೀರಿ, ಬಸ್ಸು ಹೋಗ್ತದೆ."

ಬಸ್ಸು ಸಿಕ್ಕಿತು, ಮಗಳು ಕಾಲೇಜು ಸೇರಿದಳು. ಆ ಸಂಜೆ ಜಗಲಿಯಲ್ಲಿ ಗುಲಾಬಕ್ಕ ತುಸು ಸರಿದು ಕೂತು ನನಗೂ ಜಾಗ ಮಾಡಿಕೊಟ್ಟರು. ಕಾಫಿ ಮಾತ್ರ ಈಗಲೂ ನಾನೇ ಮಾಡುತ್ತೇನೆ.