ಟ್ಯಾಂಕಿನ ಮೇಲಿನ ಅಭಿಮಾನಿ

ಫ್ಲೆಕ್ಸಿನ ಒಂದು ಮೂಲೆಯ ಹಗ್ಗ ಬಿಚ್ಚಿಕೊಂಡದ್ದೇ ಇಷ್ಟಕ್ಕೆಲ್ಲ ಕಾರಣ.

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದೆ ಒಂದು ಹಳೆಯ ನೀರಿನ ಟ್ಯಾಂಕಿದೆ. ಅದರ ನೆತ್ತಿಯ ಕಂಬಿಗಳಿಗೆ ಹಿಂದಿನ ದಿನವೇ ದೊಡ್ಡದೊಂದು ಫ್ಲೆಕ್ಸು ಏರಿತ್ತು. ‘ನೂತನ ಸಚಿವರಾದ ಬಸವರಾಜು ಸಾಹೇಬರಿಗೆ ಹಾರ್ದಿಕ ಅಭಿನಂದನೆಗಳು’ ಎಂದು ಅದರಲ್ಲಿ ಬರೆದಿತ್ತು. ಹೊಸ ಸರ್ಕಾರದ ಮಂತ್ರಿಗಳು ಯಾರೆಂಬುದು ಇನ್ನೂ ಪ್ರಕಟವಾಗಿರಲಿಲ್ಲ. ಆದರೆ ಶಾಸಕ ಬಸವರಾಜು ಅವರ ಅಭಿಮಾನಿ ಸಂಘದ ಅಧ್ಯಕ್ಷ ಚನ್ನಬಸವಣ್ಣನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ಬೆಳಗಾಗುವಷ್ಟರಲ್ಲಿ ಗಾಳಿಗೆ ಮೂಲೆ ಮಡಚಿಕೊಂಡು, ಸಾಹೇಬರ ಮುಖ ಸೆರಗು ಎಳೆದುಕೊಂಡ ಮದುವಣಗಿತ್ತಿಯ ಹಾಗೆ ಅರ್ಧ ಮುಚ್ಚಿಹೋಗಿತ್ತು. ಇದು ಅಪಶಕುನವೆಂದು ಹೆದರಿದ ಚನ್ನಬಸವಣ್ಣ, ಫ್ಲೆಕ್ಸು ಕಟ್ಟುವ ಧರ್ಮೇಂದ್ರನಿಗೆ ಫೋನು ಮಾಡಿ ತಕ್ಷಣ ಬಂದು ಸರಿಮಾಡು ಎಂದ.

ಧರ್ಮೇಂದ್ರನಿಗೆ ಯಾರು ಮಂತ್ರಿಯಾದರೂ ಒಂದೇ. ಎಲ್ಲ ಪಕ್ಷದವರ ಫ್ಲೆಕ್ಸನ್ನೂ ಅವನೇ ಕಟ್ಟುತ್ತಿದ್ದ, ಅವನೇ ಬಿಚ್ಚುತ್ತಿದ್ದ. ಅವತ್ತು ಅವನ ತಲೆಯಲ್ಲಿದ್ದದ್ದು ಕೆ.ಆರ್. ನಗರದಲ್ಲಿ ನಾದಿನಿ ಅನುಶ್ರೀಯ ನಿಶ್ಚಿತಾರ್ಥ. ಮಾವನ ಮನೆಯ ಗೃಹಪ್ರವೇಶಕ್ಕೆ ಊಟ ಮುಗಿದು ಎಲೆ ಎತ್ತಿದ ಮೇಲೆ ಹೋಗಿದ್ದನ್ನು ಹೆಂಡತಿ ಬೃಂದಾ ಇನ್ನೂ ಮರೆತಿರಲಿಲ್ಲ. ಈ ಸಲವೂ ತಡವಾದರೆ ತವರಿನಿಂದ ತಾನು ವಾಪಸ್ಸು ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದಳು. ಹಾಗಾಗಿ ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆಯಲ್ಲೇ ಬಂದ. ಹಗ್ಗ ಬಿಗಿದು ಬಸ್ಸು ಹತ್ತುವುದೆಂದು ಅವನ ಲೆಕ್ಕ.

ಹತ್ತುವುದೇನೋ ಹತ್ತಿದ. ಕೊನೆಯ ಮೆಟ್ಟಿಲ ಮೇಲೆ ಕಾಲೂರಿ ಮೈಯನ್ನು ಮೇಲಕ್ಕೆ ಎಳೆದುಕೊಳ್ಳುವಾಗ ತುಕ್ಕು ಹಿಡಿದ ಕಬ್ಬಿಣದ ಏಣಿ ಟ್ಯಾಂಕಿನಿಂದ ಕಿತ್ತುಕೊಂಡಿತು. ಧರ್ಮೇಂದ್ರ ಕಂಬಿ ತಬ್ಬಿಕೊಂಡು ಹೇಗೋ ಉಳಿದುಕೊಂಡ. ಏಣಿಯ ಮೇಲರ್ಧ ಮುರಿದ ಕೊಂಬೆಯಂತೆ ಜೋತುಬಿದ್ದು ತೂಗಾಡತೊಡಗಿತು. ಅವನು ಎದ್ದು ನಿಂತು ಎರಡೂ ಕೈ ಬೀಸುತ್ತ ಏಣಿ ತನ್ನಿ ಎಂದು ಕೂಗಿದ. ಗಾಳಿಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಕೆಳಗೆ ಯಾರೂ ಇರಲೂ ಇಲ್ಲ. ಆಗಷ್ಟೇ ಮಂತ್ರಿಗಳ ಹೆಸರುಗಳು ಎಲ್ಲರ ಮೊಬೈಲಿಗೆ ಬಂದಿದ್ದವು. ಬಸವರಾಜು ಹೆಸರು ಅದರಲ್ಲಿರಲಿಲ್ಲ. ಪಟಾಕಿ ಸರ ಹಿಡಿದಿದ್ದ ಕೈಗಳು ಅದನ್ನು ಕೆಳಗಿಟ್ಟು ಹಳೇ ಟಯರು ಹುಡುಕಿದವು. ಮಡಿಕೇರಿ ರಸ್ತೆಯಲ್ಲಿ ಹೊಗೆ ಎದ್ದಿತು, ಬಸ್ಸುಗಳು ಸಾಲಾಗಿ ನಿಂತವು. ಹುಣಸೂರಿನಲ್ಲೂ ಅಂಗಡಿ ಮುಚ್ಚಿಸುತ್ತಿದ್ದಾರೆಂಬ ಸುದ್ದಿ ಬಂತು. ಅಷ್ಟರಲ್ಲಿ ಯಾರೋ ತಲೆ ಎತ್ತಿ ನೋಡಿದರು. ಟ್ಯಾಂಕಿನ ನೆತ್ತಿಯಲ್ಲಿ, ಸಾಹೇಬರ ಚಿತ್ರದ ಪಕ್ಕದಲ್ಲಿ, ಬಿಳಿ ಬಟ್ಟೆಯ ಮನುಷ್ಯನೊಬ್ಬ ಆವೇಶದಿಂದ ಕೈ ಬೀಸುತ್ತಿದ್ದ.

ಕೆಳಗಿನ ಗುಂಪು ಅವನ ಗುರುತು ಹಿಡಿದು, ಹೆಸರು ಕೂಗಿ ಜೈಕಾರ ಹಾಕಿದಾಗ ಧರ್ಮೇಂದ್ರ ಗಾಬರಿಯಿಂದ ಜೇಬಿನ ಮೊಬೈಲು ತೆಗೆದ. ಚನ್ನಬಸವಣ್ಣನಿಗೆ ಫೋನು ಮಾಡಿದ.

“ಅಣ್ಣ, ಏಣಿ ಕಿತ್ಕಂಡೋಗದೆ. ಯಾರ್ನಾದ್ರೂ ಕಳ್ಸಿ.”

“ಏಣಿ ಇಚಾರ ಯಾರ್ಗೂ ಏಳ್ಬ್ಯಾಡ ಕಣ್ಲಾ. ಟೀವಿಯೋರು ಬಂದವ್ರೆ. ಸಾಯೇಬ್ರು ಮಂತ್ರಿ ಆಗೋಗಂಟ ನೀನು ಇಳಿಯಕಿಲ್ಲ ಅಂತ ಏಳ್ಬುಟ್ಟಿವ್ನಿ.”

“ನಾನು ಬಂದಿದ್ದು ಅಗ್ಗ ಕಟ್ಟಕ್ಕಲ್ವಾ ಅಣ್ಣ.”

“ಅಗ್ಗ ಕೈಯಾಗೈತಾ? ಒಳ್ಳೇದಾಯ್ತು ಬುಡು. ಕಾಣೋ ಅಂಗೆ ಇಡ್ಕೊ.”

ಫೋನು ಕಟ್ಟಾಯಿತು. ಕೆಳಗೆ ಟೀವಿ ವರದಿಗಾರ್ತಿ ಪ್ರಿಯಾ ಕ್ಯಾಮೆರಾದ ಮುಂದೆ ನಿಂತು, ನಾಯಕನಿಗಾಗಿ ಪ್ರಾಣವನ್ನೇ ಪಣವಾಗಿಟ್ಟ ಯುವಕನ ಬಗ್ಗೆ ಗದ್ಗದಿತಳಾಗಿ ಹೇಳುತ್ತಿದ್ದಳು. ಇನ್ಸ್‌ಪೆಕ್ಟರು ಮೈಕಿನಲ್ಲಿ ದುಡುಕಬೇಡ, ಮಾತಾಡೋಣ ಎಂದು ಬೇಡಿಕೊಂಡರು. ಇಳಿದು ಬಂದ ಮೇಲೆ ಕೇಸು ಹಾಕಬೇಕಾಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಿದರು. ಅಗ್ನಿಶಾಮಕದ ವಾಹನ ಉದ್ದನೆಯ ಏಣಿ ಹೊತ್ತು ಬಂದಾಗ ಧರ್ಮೇಂದ್ರನಿಗೆ ಜೀವ ಬಂದಂತಾಯಿತು. ಆದರೆ ಅಭಿಮಾನಿಗಳು ಅದರ ಮುಂದೆ ಸಾಲಾಗಿ ಮಲಗಿಬಿಟ್ಟರು.

ಬಿಸಿಲು ಏರಿತು. ಲಕ್ಷಾಂತರ ಲೀಟರ್ ನೀರಿನ ಮೇಲೆ ಕೂತಿದ್ದರೂ ಅವನಿಗೆ ಒಂದು ಗುಟುಕು ಸಿಗುವಂತಿರಲಿಲ್ಲ, ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿತ್ತು. ಫ್ಲೆಕ್ಸು ಗಾಳಿಗೆ ಬಡಿದು ಸಾಹೇಬರು ಅವನ ಕೆನ್ನೆಗೆ ಮೇಲಿಂದ ಮೇಲೆ ಬಾರಿಸುತ್ತಿದ್ದರು. ಬೀಳದಿರಲೆಂದು ಧರ್ಮೇಂದ್ರ ಹಗ್ಗದಿಂದ ಸೊಂಟವನ್ನು ಕಂಬಿಗೆ ಕಟ್ಟಿಕೊಂಡ. ಕೆಳಗೆ ಅದು ಹೋರಾಟದ ಎರಡನೇ ಹಂತವೆಂದು ಸುದ್ದಿಯಾಯಿತು.

ನಿಂತಿದ್ದ ಬಸ್ಸುಗಳಲ್ಲಿ ಒಂದರಲ್ಲಿ ಬೃಂದಾ ಕೂತಿದ್ದಳು. ಗಂಡನಿಗಾಗಿ ಪಕ್ಕದ ಸೀಟಿಗೆ ಬಾಗಿನದ ಬುಟ್ಟಿ ಇಟ್ಟು ಕಾಯುತ್ತಿದ್ದವಳು, ಮುಂದಿನ ಸೀಟಿನವಳ ಮೊಬೈಲಿನಲ್ಲಿ ಅವನನ್ನು ಕಂಡಳು. ಬುಟ್ಟಿ ಅಲ್ಲೇ ಬಿಟ್ಟು, ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು, ಜನರನ್ನು ತಳ್ಳುತ್ತ ಬಂದು ಇನ್ಸ್‌ಪೆಕ್ಟರ ಕೈಯಿಂದ ಮೈಕು ಕಸಿದುಕೊಂಡಳು.

“ಅಟ್ಟದ ಮ್ಯಾಲಿರೋ ಅಂಡೆ ಇಳಿಸ್ಕೊಡಿ ಅಂದ್ರೆ ತಲೆ ಸುತ್ತು ಬತ್ತದೆ ಅಂತಿದ್ರಿ. ಅದ್ಯಾರ್ದೋ ಮಂತ್ರಿಗಿರಿಗೆ ಅಂದ್ರೆ ಟ್ಯಾಂಕು ಅತ್ತಕ್ಕಾಯ್ತದಾ?”

ಇಡೀ ರಸ್ತೆ ನಕ್ಕಿತು. ಧರ್ಮೇಂದ್ರ ಅವಳಿಗೆ ನಿಜ ಹೇಳಲು ಫೋನು ತೆಗೆದ. ಅಷ್ಟು ಹೊತ್ತು ಊರಿನವರು, ನೆಂಟರು, ಎಚ್.ಡಿ. ಕೋಟೆಯಿಂದ ಸರಗೂರಿನವರೆಗಿನ ಪರಿಚಯದವರೆಲ್ಲ ಹೊಗಳಿ ಹೊಗಳಿ ಅದರ ಚಾರ್ಜು ಮುಗಿಸಿದ್ದರು. ಎದ್ದು ನಿಂತು, ಏಣಿಯತ್ತ ಬೆರಳು ಮಾಡಿ ತೋರಿಸಲು ಕಂಬಿಯ ಮೇಲೆ ಬಗ್ಗಿದ. ಹಸಿವಿಗೋ ಬಿಸಿಲಿಗೋ ಕಣ್ಣು ಕತ್ತಲೆ ಬಂತು. ಮುಗ್ಗರಿಸಿದ. ಅವನ ಭಾರಕ್ಕೆ ಕಂಬಿಯ ಒಂದು ತುದಿ ಸಿಮೆಂಟಿನಿಂದ ಕಳಚಿ ಹೊರಕ್ಕೆ ಬಾಗಿತು.

ಜೈಕಾರ ನಿಂತೇ ಹೋಯಿತು. ಚನ್ನಬಸವಣ್ಣನ ಮುಖ ಬಿಳಿಚಿಕೊಂಡಿತು. ಅವನೂ ಅಗ್ನಿಶಾಮಕದವರಿಗೆ ದಾರಿ ಬಿಡಿ ಎಂದು ಗೊಣಗಿದ, ಆದರೆ ಮಲಗಿದ್ದವರು ಹೋರಾಟದ ಕಾವಿನಲ್ಲಿದ್ದರು. ಬೃಂದಾ ಮತ್ತೆ ಮೈಕನ್ನು ಬಾಯಿಯ ಹತ್ತಿರಕ್ಕೆ ತಂದಳು. ಈ ಸಲ ಅವಳ ದನಿ ಮೆಲ್ಲಗಿತ್ತು.

“ನಿಶ್ಚಿತಾರ್ಥ ಅಂಗೇ ಓಗ್ಲಿ ಬುಡಿ. ಇಂದಕ್ಕೆ ಸರ್ಕೊಂಡು ಕೂತ್ಕಳಿ. ನಾನಿಲ್ಲೇ ಇವ್ನಿ.”

ಧರ್ಮೇಂದ್ರ ಸೊಂಟದ ಹಗ್ಗ ಬಿಚ್ಚಿಕೊಂಡು ಅಂಗುಲ ಅಂಗುಲವಾಗಿ ಹಿಂದೆ ಸರಿದು, ಟ್ಯಾಂಕಿನ ನಡುವೆ ಬೋರಲು ಮಲಗಿ, ಬೀಗ ಹಾಕಿದ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊತ್ತು ಇಳಿಯುವವರೆಗೂ ಹಾಗೇ ಇದ್ದ. ಬೃಂದಾ ಕೆಳಗೆ ಮಣ್ಣಿನಲ್ಲಿ ಕೂತು ಮೇಲೇ ನೋಡುತ್ತಿದ್ದಳು. ಅವಳ ಬುಟ್ಟಿಯಿದ್ದ ಬಸ್ಸು ಹಿಂದಕ್ಕೆ ತಿರುಗಿ ಹೋದದ್ದೂ ಅವಳಿಗೆ ತಿಳಿಯಲಿಲ್ಲ.

ಸಂಜೆಗೆ ಬೆಂಗಳೂರಿನಿಂದ ಸುದ್ದಿ ಬಂತು. ಅಸಮಾಧಾನ ತಣಿಸಲು ಇನ್ನೊಬ್ಬರನ್ನು ಸಂಪುಟಕ್ಕೆ ಸೇರಿಸಿದ್ದರು, ಅದು ಬಸವರಾಜು ಅವರೇ. ಮಲಗಿದ್ದವರೆಲ್ಲ ಎದ್ದು ಕುಣಿದರು, ಪಟಾಕಿ ಸಿಡಿದವು. ಅಗ್ನಿಶಾಮಕದ ವಾಹನಕ್ಕೆ ಕೊನೆಗೂ ದಾರಿ ಸಿಕ್ಕಿತು. ಇಬ್ಬರು ಸಿಬ್ಬಂದಿ ಧರ್ಮೇಂದ್ರನನ್ನು ಸಿಮೆಂಟು ಮೂಟೆಯಂತೆ ಹೊತ್ತು ಇಳಿಸಿದರು. ಬೃಂದಾ ಸೆರಗಿನಿಂದ ಅವನ ಮುಖ ಒರೆಸಿ ನೀರು ಕುಡಿಸಿದಳು. ಮಂತ್ರಿಗಳ ಊರಿನವನ ಮೇಲೆ ಯಾವ ಕೇಸು ಎಂದು ಇನ್ಸ್‌ಪೆಕ್ಟರೂ ನಕ್ಕುಬಿಟ್ಟರು. ಈಗ ಹೊರಟರೂ ರಾತ್ರಿ ಊಟದ ಹೊತ್ತಿಗೆ ಕೆ.ಆರ್. ನಗರ ಸೇರಬಹುದು ಎಂದು ಬೃಂದಾ ಹೇಳುತ್ತಿರುವಾಗಲೇ ಅಭಿಮಾನಿಗಳು ಅವನನ್ನು ಹೆಗಲ ಮೇಲೆ ಎತ್ತಿಕೊಂಡರು. ಬಸ್ಸಿನವರೆಗೂ ಮೆರವಣಿಗೆಯಲ್ಲೇ ಬಿಟ್ಟುಬರುತ್ತೇವೆ ಎಂದು ಅವಳಿಗೆ ಭರವಸೆಯನ್ನೂ ಕೊಟ್ಟರು.

ತಮಟೆ ಬಡಿಯಿತು. ಕೊರಳಿಗೆ ಹಾರ ಬಿತ್ತು. ಮಹಡಿಗಳ ಮೇಲಿಂದ ಹೆಂಗಸರು ಕೈ ಬೀಸಿದರು. ಧರ್ಮೇಂದ್ರನಿಗೂ ಒಳಗೊಳಗೇ ಖುಷಿಯಾಗಿ, ಮೊದಲ ಸಲ ನಿಜವಾಗಿಯೂ ಜನರತ್ತ ಕೈ ಬೀಸಿದ.

ಆಗಲೇ ಚನ್ನಬಸವಣ್ಣನ ಫೋನು ಮೊಳಗಿತು. ಖಾತೆ ಹಂಚಿಕೆಯಾಗಿತ್ತು. ಕಂದಾಯ, ಇಲ್ಲವಾದರೆ ನೀರಾವರಿ ಎಂದು ಕಾದಿದ್ದ ಜನರಿಗೆ ಸಾಹೇಬರು ಮೀನುಗಾರಿಕೆ ಮಂತ್ರಿ ಎಂದು ತಿಳಿಯಿತು. ತಮಟೆ ನಿಂತಿತು. ಇಲ್ಲಿ ಸಮುದ್ರ ಎಲ್ಲಿದೆ ಎಂದು ಯಾರೋ ಸಿಟ್ಟಿನಿಂದ ಕೇಳಿದರು. ಇದು ತಾಲ್ಲೂಕಿಗೇ ಮಾಡಿದ ಅವಮಾನ ಎಂದು ಇನ್ನೊಬ್ಬರು ಅಂದರು. ಮೆಲ್ಲಗೆ, ಒಬ್ಬೊಬ್ಬರಾಗಿ, ಎಲ್ಲರೂ ತಲೆ ಎತ್ತಿ ಹೆಗಲ ಮೇಲಿದ್ದವನನ್ನು ನೋಡಿದರು.

“ಅರ್ಧ ಕೆಲ್ಸ ಆಗೈತೆ ಕಣ್ಲಾ,” ಎಂದ ಚನ್ನಬಸವಣ್ಣ ಪ್ರೀತಿಯಿಂದ. “ಇನ್ನೊಂದು ಕಿತ ಅತ್ತುದ್ರೆ ನೀರಾವರಿ ಕೊಟ್ಟೇ ಕೊಡ್ತಾರೆ. ಈ ಸಲ ಏಣಿನೂ ಗಟ್ಟಿಯಾಗೈತೆ.”

ಮೆರವಣಿಗೆ ಬಂದ ದಾರಿಯಲ್ಲೇ ಹಿಂದಕ್ಕೆ ತಿರುಗಿತು. ಹಾಕಿದ ಏಣಿಯನ್ನು ಅಗ್ನಿಶಾಮಕದವರು ಇನ್ನೂ ತೆಗೆದಿರಲಿಲ್ಲ. ಹಿಂದೆ ಎಲ್ಲೋ ಬೃಂದಾ ಕೂಗುತ್ತಿದ್ದಳು. ಧರ್ಮೇಂದ್ರ ಹಾರ ಕಿತ್ತೆಸೆದು ಓಡಿಬಿಡಬೇಕೆಂದು ಕಾಲು ಚಾಚಿದ. ಕಾಲಿಗೆ ನೆಲವೇ ಸಿಗಲಿಲ್ಲ.