ಕುರಿ ಸಂಘದ ಕಂಪ್ಯೂಟರಿಗೆ ಹೊಸ ಆವೃತ್ತಿ ಬಂದದ್ದು

ಕಂಪ್ಯೂಟರಿನ ಭಾಷೆ ಹೊಸದಾದಾಗಲೆಲ್ಲ ಮನುಷ್ಯರ ನಡುವೆ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ನಾನು ಮಧುಗಿರಿಯಲ್ಲಿ ಕುರಿ ಸಾಕುವವರ ಸಂಘವೊಂದರ ಪ್ರೋಗ್ರಾಮರ್ ಆಗಿದ್ದೆ. ಶಿರಾ, ಕೊರಟಗೆರೆ, ಪಾವಗಡದಲ್ಲಿ ಶಾಖೆಗಳಿದ್ದವು. ನಾಲ್ಕು ತಾಲ್ಲೂಕಿಗೂ ಸೇರಿ ಒಂದೇ ಕಂಪ್ಯೂಟರು, ಒಂದೇ ಪ್ರಿಂಟರು. ಬೈಸಿಕೊಳ್ಳಲು ನಾನೂ ಒಬ್ಬನೇ.

೧. ಲೈಬ್ರರಿಗೆ ಜಾಗ

ನಾವು ಬಳಸುತ್ತಿದ್ದ ಪ್ರೋಗ್ರಾಮಿಂಗ್ ಭಾಷೆಯ ಹೊಸ ಆವೃತ್ತಿ ಕಳಿಸುತ್ತೇವೆ ಎಂದು ಬೆಂಗಳೂರಿನಿಂದ ಪತ್ರ ಬಂತು. ‘ಜೊತೆಗೆ ದೊಡ್ಡ ಲೈಬ್ರರಿಯೂ ಬರುತ್ತದೆ, ಜಾಗ ಮಾಡಿಟ್ಟುಕೊಳ್ಳಿ’ ಎಂದಿತ್ತು. ಲೈಬ್ರರಿ ಎಂದರೆ ತಾರೀಖು ಎಣಿಸುವುದು, ಹೆಸರು ಜೋಡಿಸುವುದು, ಇಂಥ ಕೆಲಸಗಳಿಗೆ ಮೊದಲೇ ಬರೆದಿಟ್ಟ ಪ್ರೋಗ್ರಾಮುಗಳ ಕಂತೆ. ಬೇಕಾದ್ದು ಡಿಸ್ಕಿನಲ್ಲಿ ಜಾಗ. ಆದರೆ ನಾನು ರಜೆಯಲ್ಲಿದ್ದೆ, ಪತ್ರ ಓದಿದವರು ಮ್ಯಾನೇಜರು.

ನಾನು ವಾಪಸ್ಸು ಬಂದಾಗ ನನ್ನ ಮೇಜು ವರಾಂಡ ಸೇರಿತ್ತು. ಅದಿದ್ದ ಜಾಗದಲ್ಲಿ ಬಡಗಿಯೊಬ್ಬ ಆಳೆತ್ತರದ ಬೀರು ನಿಲ್ಲಿಸುತ್ತಿದ್ದ. ಐದು ಅರೆ, ಗಾಜಿನ ಬಾಗಿಲು. ಅಷ್ಟರಲ್ಲೇ ಪಾರ್ಸೆಲ್ಲೂ ಬಂತು. ಒಳಗಿದ್ದದ್ದು ಅಂಗೈ ಅಗಲದ ಎರಡು ಫ್ಲಾಪಿ. ಮ್ಯಾನೇಜರು ಅವನ್ನು ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿದರು. ಬಡಗಿಗೆ ತಡೆಯಲಾಗಲಿಲ್ಲ.

“ಸಾಮಿ, ಮಿಕ್ಕ ನಾಕು ಅರೆಗೆ ಏನಿಕ್ತೀರಿ?”

“ಭಾಷೆ ಇನ್ನೂ ಬೆಳೀತದೆ ಕಣಯ್ಯ,” ಎಂದರು ಮ್ಯಾನೇಜರು.

೨. ಎರಡು ಕೆಲಸ

ಹೊಸ ಆವೃತ್ತಿಯ ಹೆಗ್ಗಳಿಕೆ ಏನೆಂದರೆ, ಕಂಪ್ಯೂಟರು ಏಕಕಾಲಕ್ಕೆ ಎರಡು ಕೆಲಸ ನಡೆಸಬಲ್ಲದು. ಇದನ್ನು ತಿಳಿದುಕೊಳ್ಳಲು ಕೊರಟಗೆರೆ ಶಾಖೆಯ ಗುಮಾಸ್ತರು ಬಂದರು.

“ಒಂದೇ ಸಲಕ್ಕೆ ಎರಡಾ? ಅದೆಂಗೆ?”

“ನಿಜವಾಗಿ ಒಂದೇ ಸಲ ಅಲ್ಲ ಸಾರ್. ಇದನ್ನ ಚೂರು ಮಾಡಿ ಬಿಡುತ್ತೆ, ಅದನ್ನ ಚೂರು ಮಾಡಿ ಬಿಡುತ್ತೆ, ಮತ್ತೆ ಇದಕ್ಕೆ ಬರುತ್ತೆ. ನೋಡೋರಿಗೆ ಎರಡೂ ನಡೀತಿರೋ ಹಾಗೆ ಕಾಣುತ್ತೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹದಿನೆಂಟು ವರ್ಷದಿಂದ ನಾನು ಮಾಡ್ತಿರೋದೂ ಇದೇ ಕಣಯ್ಯ. ಇದಕ್ಕೆ ಹೂವು ಮುಡ್ಸಿ ಕುಂಕುಮ ಇಟ್ಟವ್ರೆ, ನಂಗೆ ಮೆಮೊ ಕೊಟ್ಟವ್ರೆ!”

೩. ಮೀರು ಮುಂದು

ನಾನು ಬರೆದ ಮೊದಲ ಜೋಡಿ ಪ್ರೋಗ್ರಾಮು ನಡುವೆಯೇ ನಿಂತುಹೋಯಿತು. ಒಂದು ಕೆಲಸ ಪ್ರಿಂಟರನ್ನು ಹಿಡಿದುಕೊಂಡು ಸದಸ್ಯರ ಪಟ್ಟಿಗೆ ಕಾಯುತ್ತಿತ್ತು. ಇನ್ನೊಂದು ಪಟ್ಟಿಯನ್ನು ಹಿಡಿದುಕೊಂಡು ಪ್ರಿಂಟರಿಗೆ ಕಾಯುತ್ತಿತ್ತು. ಯಾವುದೂ ತನ್ನ ಕೈಲಿದ್ದದ್ದನ್ನು ಬಿಡಲೊಲ್ಲದು. ಆ ಪಟ್ಟಿಗಾಗಿಯೇ ಬಂದಿದ್ದ ಪಾವಗಡದ ಸ್ಟೋರ್ ಕೀಪರಿಗೆ ಬೆವರುತ್ತ ವಿವರಿಸಿದೆ.

“ತೆಲಿಸಿಂದಿ, ಗೊತ್ತಾಯ್ತು ಬುಡಿ ಸಾರ್,” ಎಂದರು ಅವರು ತೆಲುಗು ಬೆರೆಸಿ. “ನಮ್ ಕಡೆ ಮದ್ವೆ ಊಟಕ್ಕೆ ಬೀಗ್ರಿಬ್ರು ಬಾಗ್ಲಲ್ಲಿ ನಿಂತ್ಕೊಂಡು ‘ಮೀರು ಮುಂದು’, ‘ಲೇದು ಲೇದು, ಮೀರೇ ಮುಂದು’ ಅಂತ ನೀವ್ ಮೊದ್ಲು ನೀವ್ ಮೊದ್ಲು ಅಂತಿರ್ತಾರಲ್ಲ, ಅಂಗೇ.”

“ಆಮೇಲೆ ಏನಾಗುತ್ತೆ?”

“ಏನಾಗ್ತದೆ? ಒಳಗಿರೋರೆಲ್ಲ ಉಂಡು ಎದ್ದಿರ್ತಾರೆ,” ಎಂದವರೇ ಪಟ್ಟಿಯಿಲ್ಲದೆ ಬಸ್ಸು ಹತ್ತಿದರು.

೪. ಸನ್ಮಾನ

ಈ ಉಪಚಾರವೇ ಬೇಡವೆಂದು ಒಂದಕ್ಕೊಂದು ಕಾಯುವ ನಿಯಮವನ್ನೇ ನಾನು ಕಿತ್ತುಹಾಕಿದೆ. ಈಗ ಎರಡೂ ಕೆಲಸ ಸರಾಗವಾಗಿ ಓಡಿದವು.

ಆ ವಾರ ಎರಡು ಬಗೆಯ ಕಾಗದ ಹೋಗಬೇಕಿತ್ತು. ಶಿರಾ ತಾಲ್ಲೂಕು ಹುಲಿಕುಂಟೆಯಲ್ಲಿ ಭಾನುವಾರ ಬೆಳಿಗ್ಗೆ ಕುರಿಗಳಿಗೆ ಜಂತುಹುಳದ ಔಷಧಿ ಕುಡಿಸುತ್ತೇವೆಂದು ಕುರಿಗಾರರಿಗೆ ಒಂದು. ಅದೇ ದಿನ ಅಲ್ಲೇ ನಡೆಯುವ ಸಭೆಯಲ್ಲಿ ಸನ್ಮಾನವಿದೆಯೆಂದು ಸಂಘದ ಅಧ್ಯಕ್ಷರಿಗೆ ಒಂದು. ಎರಡನ್ನೂ ಒಟ್ಟಿಗೆ ಪ್ರಿಂಟಿಗೆ ಬಿಟ್ಟು ಕಾಫಿಗೆ ಹೋದೆ. ಅಟೆಂಡರು ಮಡಚಿ, ಅಂಟಿಸಿ, ಟಪಾಲಿಗೆ ಹಾಕಿಬಿಟ್ಟರು. ಒಂದರ ತಲೆಗೆ ಇನ್ನೊಂದರ ಬಾಲ ಕೂಡಿಕೊಂಡಿದ್ದು ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ನಾನೂ ಮ್ಯಾನೇಜರೂ ಹುಲಿಕುಂಟೆಯಲ್ಲಿ ಇಳಿದಾಗ ವೇದಿಕೆಯ ಮುಂದೆ ಇಪ್ಪತ್ತು ಟಗರುಗಳು ಮಿಂದು, ಹಣೆಗೆ ಅರಿಶಿನ ಹಚ್ಚಿಕೊಂಡು ನಿಂತಿದ್ದವು. ಹಿರಿಯ ಕುರಿಗಾರರೊಬ್ಬರು ಕಾಗದ ಮುಂದೆ ಹಿಡಿದರು: ‘ತಮ್ಮ ಕುರಿಗಳಿಗೆ ವೇದಿಕೆಯ ಮೇಲೆ ಹಾರ ಹಾಕಿ ಸನ್ಮಾನ ಮಾಡಲಾಗುವುದು.’

“ಏನೋ ತಪ್ಪಾಗಿದೆ ಯಜಮಾನ್ರೆ,” ಎಂದರು ಮ್ಯಾನೇಜರು.

“ತಪ್ಪು ಅಂದ್ರೆ ಹೆಂಗೆ ಸಾಮಿ? ಊರಿಗೆಲ್ಲ ಹೇಳ್ಕೊಂಡು ಬಂದ್ಬುಟ್ಟಿದೀವಿ!”

ಅಧ್ಯಕ್ಷರಿಗೆಂದು ತಂದಿದ್ದ ಹಾರವನ್ನೇ ದೊಡ್ಡ ಟಗರಿನ ಕೊರಳಿಗೆ ಹಾಕಿದೆವು. ಪಕ್ಕದ ಟಗರು ಅದನ್ನು ಅಲ್ಲೇ ಮೇಯತೊಡಗಿತು. ಚಪ್ಪಾಳೆಯೋ ಚಪ್ಪಾಳೆ.

ಆಗ ನನಗೆ ಅಧ್ಯಕ್ಷರ ನೆನಪಾಗಿ ಜೀವ ಹಾರಿಹೋಯಿತು. ಅವರ ಕಾಗದದಲ್ಲಿ ಏನಿರಬಹುದು? ಔಷಧಿ ಕುಡಿಸುವ ಕಡೆಗೆ ಓಡಿದೆ. ಅಧ್ಯಕ್ಷರು, ಮೀಸೆಯ ಭಾರೀ ಆಸಾಮಿ, ಇಸ್ತ್ರಿ ಮಾಡಿದ ಬಿಳಿ ಪಂಚೆಯುಟ್ಟು ಬೆಂಚಿನ ಮೇಲೆ ಕೂತಿದ್ದರು. ಕೈಯಲ್ಲಿ ಕಾಗದ: ‘ಮಾನ್ಯ ಅಧ್ಯಕ್ಷರಿಗೆ ಖಾಲಿ ಹೊಟ್ಟೆಯಲ್ಲಿ ಬಾಯಿ ಅಗಲಿಸಿ ಔಷಧಿ ಕುಡಿಸಲಾಗುವುದು.’

“ಸಾರ್, ಕ್ಷಮಿಸಿ! ಆ ಔಷಧಿ ಕುರಿಗೆ!”

ಅವರು ಮೀಸೆ ಒರೆಸಿಕೊಂಡರು. “ಈಗ್ ಬಂದು ಹೇಳ್ತೀಯಲ್ಲಯ್ಯ! ಎರಡು ಟಗರಿನ ತೂಕ ಅವ್ರೆ ಅಂತ ಆ ಕಾಂಪೌಂಡರು ಎರಡು ಸೀಸೆ ಹುಯ್ದ್ಬುಟ್ಟ.”

ಹಿಂದೆಯೇ ಬಂದ ಮ್ಯಾನೇಜರು ಗುಡುಗಿದರು: “ನಾಳೆಯಿಂದ ನಿನಗೆ ಕೆಲಸ ಇಲ್ಲ! ಏನೇನಾಯ್ತು ಅಂತ ಕಾರಣ ಪೂರ್ತಿ ಬರೆದು ನೋಟಿಸ್ ಬೋರ್ಡಿಗೆ ಹಾಕ್ತೀನಿ!”

ಅಧ್ಯಕ್ಷರು ದಡಕ್ಕನೆ ಎದ್ದು ನಿಂತರು. “ಲೇ ಮ್ಯಾನೇಜ್ರೆ! ಬೇಕಾದ್ರೆ ಇವನ ಸಂಬಳ ಜಾಸ್ತಿ ಮಾಡ್ರಿ. ಕಾರಣ ಮಾತ್ರ ಬರೀಬ್ಯಾಡ್ರಿ!”