ಮಗಳ ಅರ್ಜಿಗೆ ಅರಿಶಿನ ಹಚ್ಚಿದ್ದು

ಒಳ್ಳೆಯ ಕೆಲಸಕ್ಕೆ ಹೊರಟ ಯಾವ ಕಾಗದವೂ ಬರಿಮೈಯಲ್ಲಿ ಹೊರಡಬಾರದೆಂದು ನಂಬಿದ ವಂಶ ನಮ್ಮದು. ಲಗ್ನಪತ್ರಿಕೆಯಿರಲಿ, ಪರೀಕ್ಷೆಯ ಅರ್ಜಿಯಿರಲಿ, ನಾಲ್ಕು ಮೂಲೆಗೂ ಚೂರು ಅರಿಶಿನ ಮುಟ್ಟಿಸದಿದ್ದರೆ ನನಗೆ ಸಮಾಧಾನವಿಲ್ಲ. ನನ್ನ ವೀಸಾ ಅರ್ಜಿಗೂ ಹಚ್ಚಿದ್ದೆ; ವೀಸಾ ಸಿಕ್ಕಿತು. ಹಾಗಾಗಿ ತೊಂಬತ್ತರ ದಶಕದ ಒಂದು ಬೆಳಿಗ್ಗೆ, ಮೇರಿಲ್ಯಾಂಡಿನ ಕೊಲಂಬಿಯಾದ ನಮ್ಮ ಮನೆಯಲ್ಲಿ, ಮಗಳು ಸುಮನಾಳ ಮೆಡಿಕಲ್ ಕಾಲೇಜಿನ ಅರ್ಜಿ ಕೈಗೆ ಬಂದಾಗ ನಾನು ಮಾಡಿದ್ದು ತಪ್ಪೆಂದು ಈಗಲೂ ಪೂರ್ತಿ ಒಪ್ಪಲಾರೆ.

ಇಲ್ಲಿ ಕಾಲೇಜಿಗೊಂದು ಅರ್ಜಿಯಲ್ಲ. ಎಲ್ಲಕ್ಕೂ ಸೇರಿ ಒಂದೇ. ವಾಷಿಂಗ್ಟನ್ನಿನ ಒಂದು ಕಚೇರಿ ಅದರ ನಕಲು ತೆಗೆದು ಎಲ್ಲ ಕಾಲೇಜಿಗೂ ಕಳಿಸುತ್ತದೆ. ಅದು ಕೆಟ್ಟರೆ ಒಂದು ವರ್ಷವೇ ಹೋಯಿತು. ಸುಮನಾ ಎರವಲು ಟೈಪ್‌ರೈಟರಿನಲ್ಲಿ ಮೂರು ದಿನ ಕುಟ್ಟಿ ತುಂಬಿದ್ದಳು. ಮಾರನೆಯ ದಿನವೇ ಕಡೆಯ ದಿನ. ಅಯ್ಯೋ, ಆವತ್ತು ಅರಿಶಿನ ಕೊಂಚ ನೀರಾಗಿತ್ತು. ಮೂಲೆಯಿಂದ ಇಳಿದು ಅಂಕಗಳ ಪಟ್ಟಿಗೇ ನುಗ್ಗಿತು. ಒರೆಸಲು ಹೋದೆ, ಅರ್ಧ ಪುಟ ಹಳದಿಯಾಯಿತು.

"ಅಪ್ಪಾ! ವಾಟ್ ಡಿಡ್ ಯು ಡೂ? ನನ್ ಹತ್ರ ಬೇರೆ ಫಾರ್ಮ್ ಇಲ್ಲ!" ಎಂದು ಸುಮನಾ ಅತ್ತೇಬಿಟ್ಟಳು.

"ಬಣ್ಣ ಬಳೀರಿ ಅಂತ ದೇವರೇನು ಬಂದು ಕೇಳಿದ್ನಾ ನಿಮ್ಮನ್ನ?" ಎಂದಳು ಹೆಂಡತಿ. "ಅಂಚೆಗೆ ಹಾಕ್ಬೇಡಿ. ನೀವೇ ಹೋಗಿ ಕೈಕಾಲು ಹಿಡೀರಿ."

ಹೊರಟೆವು. ದಾರಿಯುದ್ದಕ್ಕೂ ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಕಚೇರಿಯ ಕೌಂಟರಿನಲ್ಲಿದ್ದ ವಯಸ್ಸಾದ ಹೆಂಗಸು ಕಾಗದವನ್ನು ಮೂಸಿ, ಇದೇನು ಸಾಸಿವೆ ಸಾಸಾ ಎಂದು ಕೇಳಿದರು. ಆಶೀರ್ವಾದ ಮೇಡಂ ಎಂದೆ. ಆಕೆ ನಗಲಿಲ್ಲ. ತಮ್ಮ ಮೊದಲ ಕೆಲಸದ ಅರ್ಜಿಯ ಮೇಲೆ ಅಮ್ಮ ಕೈಯಿಟ್ಟು ಪ್ರಾರ್ಥಿಸಿದ್ದರೆಂದು ಹೇಳುತ್ತ ಪುಟವನ್ನು ಜೆರಾಕ್ಸ್ ಯಂತ್ರಕ್ಕೆ ಕೊಟ್ಟರು. ನಕಲು ಹಾಲಿನಂತೆ ಬೆಳ್ಳಗೆ ಬಂತು. ಆ ಯಂತ್ರಕ್ಕೆ ಹಳದಿ ಕಾಣುವುದೇ ಇಲ್ಲವಂತೆ! ಆ ತಾಯಿಯ ಕಾಲಿಗೆ ಅಲ್ಲೇ ಬೀಳಬೇಕೆನಿಸಿತು.

ಆಮೇಲೆ ಆಕೆ ಕೊನೆಯ ಪುಟ ತಿರುಗಿಸಿ, ಸಹಿಯೇ ಇಲ್ಲವಲ್ಲ ಮಗಳೇ, ಅಂಚೆಯಲ್ಲಿ ಬಂದಿದ್ದರೆ ವಾಪಸ್ಸು ಕಳಿಸುತ್ತಿದ್ದೆವು ಎಂದರು. ಸುಮನಾ ಅಲ್ಲೇ ಸಹಿ ಹಾಕಿದಳು.

ಕಾರು ಹತ್ತಿದ ಮೇಲೆ ನನ್ನ ತೋಳು ಹಿಡಿದು, "ಥ್ಯಾಂಕ್ಸ್ ಅಪ್ಪಾ. ನಿನ್ನಿಂದಾನೇ ಉಳೀತು" ಎಂದಳು. ನನ್ನ ಕಣ್ಣು ತುಂಬಿತು. ಬೆಳಿಗ್ಗೆ ಅವಳು ಅರ್ಜಿಯನ್ನು ನನ್ನ ಕೈಗೆ ಕೊಟ್ಟದ್ದು, ಏನಾದರೂ ಬಿಟ್ಟುಹೋಗಿದೆಯೇ ನೋಡು ಎಂದು. ನಾನು ನೋಡಿದ್ದು ಮೂಲೆಗಳನ್ನು ಮಾತ್ರ. ಅದನ್ನು ಈಗೇಕೆ ನೆನಪಿಸಲಿ ಎಂದು ಗಾಡಿ ಓಡಿಸಿದೆ.